ನಾಕಾದಲ್ಲಿ ತಾನಾಗಿ ನಿಂತ ಗಾಡಿ

ನಮ್ಮ ಭಾಗದ ಕಾಡು ಕಾಯುವ ಅಧಿಕಾರಿಗಳೇ, ಮಾನ್ಯರೇ,

ಬಂಡ್ರಿಯ ಉಚ್ಚೆಂಗಪ್ಪನ ಜೋಡಿ ಎತ್ತು ಮತ್ತು ಗಾಡಿ ನಿಮ್ಮ ಕಚೇರಿಯ ಹಿಂದಿನ ಆವರಣದಲ್ಲಿ ಜಪ್ತಿಯಾದ ಮುದ್ದೆಮಾಲಾಗಿ ನಿಂತು ತಿಂಗಳಾಗುತ್ತಾ ಬಂತು. ಬರುವ ಸೋಮವಾರ ಅವುಗಳನ್ನು ಹರಾಜು ಹಾಕುತ್ತೀರಂತೆ. ಅವನು ಮಾಡಿದ ಅಪರಾಧವೆಂದರೆ ತನ್ನ ಹೊಲದ ಬದುವಿನಲ್ಲಿ ಒಣಗಿ ನಿಂತಿದ್ದ ಬೇವಿನ ಮರವನ್ನು ಕಡಿದು, ಅದರ ದಿಮ್ಮಿಯನ್ನು ಹೊಸಪೇಟೆಯ ನನ್ನ ಕಟ್ಟಿಗೆ ಅಡ್ಡೆಗೆ ಕೊಯ್ಸಲು ತರುತ್ತಿದ್ದದ್ದು. ಆ ಮರ ಗುಡ್ಡದ ಕಾಡಿನದು ಎಂದು ನೀವು ಹೇಳುತ್ತೀರಿ. ಅದು ಅವನ ಹೊಲದ್ದು ಎಂದು ನಾನು ಹೇಳುತ್ತೇನೆ. ಅದು ನಿಮಗೂ ಗೊತ್ತಿದೆ ಎಂಬುದು ನನ್ನ ಗುಮಾನಿ. ಈ ಪತ್ರವನ್ನು ನಿಮ್ಮ ಟಪಾಲಿಗೆ ಹಾಕದೆ ಪತ್ರಿಕೆಗೆ ಕೊಟ್ಟಿರುವುದೂ ಇನ್ನೊಂದು ಗುಮಾನಿಯಿಂದಲೇ. ಟಪಾಲಿಗೆ ಹಾಕಿದ ಹಿಂದಿನ ಅರ್ಜಿಯಿಂದ ಏನಾಯಿತೆಂದು ಮುಂದೆ ಹೇಳುತ್ತೇನೆ.

ಮೊದಲು ನನ್ನ ಪರಿಚಯ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಇವಳು ಯಾವ ಪಕ್ಷದವಳು, ಯಾವ ಗಣಿಯವರು ಯಾರ ಮೇಲಿನ ಸಿಟ್ಟಿಗೆ ಇವಳಿಂದ ಬರೆಸಿದರು ಎಂದು ನೀವು ಹುಡುಕಲು ಹೊರಡುತ್ತೀರಿ. ನಾನು ಶೈಲಜಾ. ನಮ್ಮಪ್ಪ ಹಾಲಸ್ವಾಮಿ ಹೊಸಪೇಟೆಯಲ್ಲಿ ಹಾಕಿದ ಕಟ್ಟಿಗೆ ಅಡ್ಡೆಯನ್ನೂ ಅದಕ್ಕೆ ಹೊಂದಿಕೊಂಡ ಸಾಮಿಲ್ಲನ್ನೂ ಅವರು ತೀರಿಕೊಂಡ ಮೇಲೆ ನಡೆಸಿಕೊಂಡು ಬಂದಿದ್ದೇನೆ. ಹೆಣ್ಣುಮಗಳಿಗೆ ಯಾಕೆ ಈ ಉಸಾಬರಿ ಎಂದವರೆಲ್ಲ ಈಗ ನನ್ನಲ್ಲೇ ಕಿಟಕಿ ಬಾಗಿಲಿಗೆ ಮರ ಕೊಯ್ಸಿಕೊಂಡು ಹೋಗುತ್ತಾರೆ. ಅನುಮಾನಪಡುವುದು ನಮ್ಮ ಕಸುಬಿನ ಅರ್ಧ ಭಾಗ. ದಿಮ್ಮಿ ಬಂದರೆ ಮೊದಲು ಬೆರಳ ಗೆಣ್ಣಿನಿಂದ ಬಡಿದು ಕೇಳಬೇಕು, ಒಳಗೆ ಪೊಳ್ಳಿದೆಯೋ ಎಂದು. ಕಡಿದ ಬಾಯಿಯನ್ನು ಮೂಸಬೇಕು, ಹಸಿಯೋ ಒಣಗಿದ್ದೋ ಎಂದು. ಕೊನೆಗೆ ತಂದವನ ಮುಖ ನೋಡಬೇಕು. ಅಪ್ಪ ಮುಖಕ್ಕಿಂತ ದಿಮ್ಮಿಯನ್ನು ಹೆಚ್ಚು ನಂಬುತ್ತಿದ್ದರು, ನಾನು ಎರಡನ್ನೂ ನಂಬುವುದಿಲ್ಲ. ಆದ್ದರಿಂದ ನಿಮ್ಮ ಮೇಲೆ ನನಗೆ ನಂಬಿಕೆಯಿಲ್ಲ ಎಂದರೆ ಬೇಸರ ಮಾಡಿಕೊಳ್ಳಬೇಡಿ, ಅದು ನಿಮಗೊಬ್ಬರಿಗೇ ಮೀಸಲಾದದ್ದಲ್ಲ.

ನೀವು ಈ ಭಾಗಕ್ಕೆ ಹೊಸಬರು. ಜೀಪಿನ ಗಾಜು ಏರಿಸಿಕೊಂಡು ಓಡಾಡುವವರಿಗೆ ಈ ರಸ್ತೆಯಲ್ಲಿ ಹಿಂದೆ ಏನು ಓಡಾಡುತ್ತಿತ್ತು ಎಂದು ತಿಳಿಯುವುದು ಕಷ್ಟ. ಸಂಡೂರಿನ ಗುಡ್ಡಗಳಿಂದ ನಾಟಾ, ಅಂದರೆ ಕಡಿದ ಮರ, ಇಳಿಯುತ್ತಿದ್ದದ್ದು ಎತ್ತಿನ ಗಾಡಿಯಲ್ಲಿ. ಗಾಡಿಯ ಮೇಲಿನ ಹಲಗೆ, ಗೂಟ ಎಲ್ಲ ಕಳಚಿ, ಗಾಲಿ, ಅಚ್ಚು, ನೊಗ ಇಷ್ಟನ್ನೇ ಉಳಿಸಿಕೊಂಡು, ದಿಮ್ಮಿಯನ್ನು ಅಚ್ಚಿನ ಮೇಲೆ ಸರಪಳಿಯಿಂದ ಬಿಗಿಯುತ್ತಿದ್ದರು. ಏರಿನಲ್ಲಿ ಇನ್ನೊಬ್ಬರ ಜೋಡಿಯನ್ನೂ ಮುಂದೆ ಹೂಡಬೇಕು. ಇಳಿಜಾರಿನಲ್ಲಿ ದಿಮ್ಮಿಯ ಭಾರ ಎತ್ತುಗಳ ಮೇಲೆ ನುಗ್ಗದಂತೆ ಎಲೆ ಸಮೇತ ದೊಡ್ಡ ಕೊಂಬೆಯೊಂದನ್ನು ಹಿಂದೆ ಕಟ್ಟಿ ನೆಲಕ್ಕೆ ಎಳೆಸುತ್ತಾ ಬರಬೇಕು. ಬಂಡ್ರಿ ಕಡೆಯ ಗಾಡಿಯವರು ಸಾಲುಗಟ್ಟಿ ಬರುತ್ತಿದ್ದರೆ ಅವರು ಕಾಣುವ ಮೊದಲೇ ರಸ್ತೆಯ ಮೇಲೆ ಕೊಂಬೆ ಗೀಚುವ ಸದ್ದು ಕೇಳುತ್ತಿತ್ತು. ಅಡ್ಡೆಗೆ ಬಂದ ಮೇಲೆ ಎತ್ತುಗಳಿಗೆ ನೀರು ತೋರಿಸಿ, ಹುರುಳಿ ಇಟ್ಟ ಮೇಲೆಯೇ ಆ ಜನ ತಾವು ಕೂರುತ್ತಿದ್ದದ್ದು. ಉಚ್ಚೆಂಗಪ್ಪ ಆಗ ಪ್ರಾಯದವನು, ನಮ್ಮಪ್ಪನ ಹತ್ತಿರ ಬಾಯಿ ಮಾಡಲು ಹೆದರದ ಒಬ್ಬನೇ ಗಾಡಿಯವನು. ಎತ್ತು ದಣಿದಿವೆ ಎಂದರೆ ಅಂದು ಹೂಡುತ್ತಿರಲಿಲ್ಲ, ಅಪ್ಪ ಎಷ್ಟು ಕೂಗಾಡಿದರೂ ಅಷ್ಟೇ.

ಆ ಕಾಲದ ಒಂದು ಪದ್ಧತಿಯನ್ನು ನಿಮಗೆ ಹೇಳಲೇಬೇಕು. ನಿಮ್ಮದೇ ಇಲಾಖೆಯ ಪದ್ಧತಿಯದು, ಆದರೆ ನಿಮ್ಮಲ್ಲಿ ಯಾರಿಗೂ ನೆನಪಿರುವಂತೆ ಕಾಣುವುದಿಲ್ಲ. ಮರ ಕಡಿದ ಕೂಡಲೇ ಇಲಾಖೆಯವರು ಅಕ್ಷರ ಕೆತ್ತಿದ ಸುತ್ತಿಗೆಯಿಂದ ದಿಮ್ಮಿಯ ತುದಿಗೆ ಒಂದು ಮುದ್ರೆ ಹೊಡೆಯುತ್ತಿದ್ದರು. ನೆಲದಲ್ಲಿ ಉಳಿದ ಬುಡಕ್ಕೆ, ನಾವು ಬೊಡ್ಡೆ ಎನ್ನುವುದಕ್ಕೆ, ಅದೇ ಮುದ್ರೆಯನ್ನು ಇನ್ನೊಮ್ಮೆ ಹೊಡೆಯುತ್ತಿದ್ದರು. ದಿಮ್ಮಿ ಊರು ಸೇರುತ್ತಿತ್ತು, ಬೊಡ್ಡೆ ಗುಡ್ಡದಲ್ಲೇ ಸಾಕ್ಷಿಯಾಗಿ ಉಳಿಯುತ್ತಿತ್ತು. ದಾರಿಯಲ್ಲಿ ಇಲಾಖೆಯವರು ಮಾಲು ತಪಾಸಣೆ ಮಾಡುವ ನಾಕಾದಲ್ಲಿ ಗಾಡಿಯವನೇ ನಿಲ್ಲಿಸಿ, ಇಳಿದು, ಗಾರ್ಡನ್ನು ಕರೆಯಬೇಕು. ಗಾರ್ಡು ಮುದ್ರೆ ನೋಡಿ, ಮೇಲೆ ನಾಕಾದ ಮುದ್ರೆಯನ್ನೂ ಹೊಡೆದು ಬಿಡುತ್ತಿದ್ದ. ಹೊಲದ ಮರವಾದರೂ ಅಷ್ಟೇ, ನಾಕಾದ ಮುದ್ರೆ ಬೀಳದೆ ಅಪ್ಪ ಅದನ್ನು ಅಡ್ಡೆಯ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅನುಮಾನ ಬಂದರೆ ಬೊಡ್ಡೆಯ ಹತ್ತಿರ ಹೋಗಿ ದಿಮ್ಮಿಗೆ ತಾಳೆ ನೋಡುತ್ತಿದ್ದರು. ಬೊಡ್ಡೆ ಕಿತ್ತವನಿಗೆ ಮರ ಕದ್ದವನಷ್ಟೇ ದಂಡ ಬೀಳುತ್ತಿತ್ತು.

ಹಾಗೆಂದು ಆಗಿನವರೆಲ್ಲ ಸತ್ಯವಂತರಾಗಿದ್ದರು ಎಂದು ನಾನು ಹಾಡುತ್ತಿಲ್ಲ. ಗಾರ್ಡಿನ ಮನೆಗೆ ಜೋಳದ ಚೀಲ ಹೋಗುತ್ತಿತ್ತು, ಕೋಳಿ ಹೋಗುತ್ತಿತ್ತು. ಹಳೇ ಬೊಡ್ಡೆಯ ಮುದ್ರೆ ತೋರಿಸಿ ಹೊಸ ದಿಮ್ಮಿ ಸಾಗಿಸಿದವರೂ ಇದ್ದರು. ಆದರೆ ಆ ಕಳ್ಳತನ ಒಂದು ಜೋಡಿ ಎತ್ತು ಎಳೆಯುವಷ್ಟೇ ದೊಡ್ಡದಾಗಿರಲು ಸಾಧ್ಯವಿತ್ತು. ಎತ್ತು ದಣಿದರೆ ಕಳ್ಳತನವೂ ದಣಿದು ಮರದ ನೆರಳಿನಲ್ಲಿ ಕೂರುತ್ತಿತ್ತು. ಆಮೇಲೆ ಲಾರಿ ಬಂತು, ಗಾಡಿಯವರು ಒಬ್ಬೊಬ್ಬರಾಗಿ ಬಿಟ್ಟರು. ಆಮೇಲೆ ಇಲಾಖೆ ಗುಡ್ಡದಲ್ಲಿ ಮರ ಕಡಿಸುವುದನ್ನೇ ನಿಲ್ಲಿಸಿತು. ಕಾಡು ಉಳಿಯಲಿ ಎಂದು ನಾವೂ ಸುಮ್ಮನಾದೆವು, ನಮ್ಮ ಅಡ್ಡೆಗೆ ಹೊರಗಿನಿಂದ ಮರ ತರಿಸಿಕೊಂಡೆವು.

ಈಗ ಮೂರ್ನಾಲ್ಕು ವರ್ಷದಿಂದ ಚೀನಾದವರಿಗೆ ನಮ್ಮ ಗುಡ್ಡದ ಕೆಂಪು ಕಬ್ಬಿಣದ ಅದಿರು ಬೇಕಾಗಿದೆ. ಸಂಡೂರಿನಿಂದ ಹೊಸಪೇಟೆಯವರೆಗೆ ಲಾರಿಯ ಬಾಲಕ್ಕೆ ಲಾರಿಯ ಮೂತಿ ತಾಗಿಕೊಂಡು ನಿಂತಿರುತ್ತವೆ. ಬಿಳಿ ಎಮ್ಮೆ ಇದ್ದರೆ ಅದೂ ಕೆಂಪಾಗುವಷ್ಟು ಧೂಳು. ಕಂಪ್ಲಿಯಿಂದ ಕಬ್ಬು ಹೇರಿಕೊಂಡು ಬರುತ್ತಿದ್ದ ಟ್ರ್ಯಾಕ್ಟರುಗಳೂ ಅದಿರಿಗೆ ಹೋದವು. ಎತ್ತು ಮಾರಿ ಟಿಪ್ಪರ್ ತಂದವರನ್ನು ಊರೇ ಜಾಣರೆಂದು ಹೊಗಳಿತು. ಇರಲಿ, ಅವರ ಅನ್ನಕ್ಕೆ ನಾನು ಮಣ್ಣು ಹಾಕುವುದಿಲ್ಲ. ನನ್ನ ಪ್ರಶ್ನೆ ಬೇರೆ. ಆ ಅದಿರಿನ ಮೇಲೆ ಮಣ್ಣಿತ್ತು, ಮಣ್ಣಿನ ಮೇಲೆ ಮರಗಳಿದ್ದವು. ಅದಿರು ಹಡಗು ಹತ್ತಿದ್ದನ್ನು ಎಲ್ಲರೂ ನೋಡಿದರು. ಮರಗಳು ಎಲ್ಲಿ ಹತ್ತಿದವು? ಇಡೀ ಗುಡ್ಡದ ತಲೆ ಬೋಳಾಗಿದೆ, ಆದರೆ ಆ ಮರಗಳನ್ನು ನಿಮ್ಮ ಡಿಪೊದಲ್ಲಿ ಹರಾಜಿಗಿಟ್ಟದ್ದನ್ನು ನಾನು ಕಂಡಿಲ್ಲ. ಹರಾಜಾದರೆ ಮೊದಲು ಬರುವವರು ನನ್ನಂಥ ಅಡ್ಡೆಯವರೇ ಅಲ್ಲವೇ? ಅಥವಾ ನಿಮ್ಮ ಮರಗಳು ನಡೆದುಕೊಂಡು ಹೋಗಲು ಕಲಿತವೇ?

ಒಂದು ಮಧ್ಯಾಹ್ನ ನನ್ನ ಅಡ್ಡೆಯ ಮುಂದೆ ಒಂದು ಟಿಪ್ಪರ್ ನಿಂತಿತು. ಮೇಲೆ ಟಾರ್ಪಾಲು, ಟಾರ್ಪಾಲಿನ ಅಂಚಿಗೆ ಒಂದಿಷ್ಟು ಅದಿರು, ಒಳಗೆ ದಿಮ್ಮಿಗಳು. ತೊಗೊಳ್ತೀರಾ ಅಕ್ಕಾರ ಎಂದು ಡ್ರೈವರ್ ಕೇಳಿದ. ನಾನು ಅಭ್ಯಾಸದಂತೆ ಕಡಿದ ಬಾಯಿ ನೋಡಲು ಹೋದೆ. ಕಡಿದ ಬಾಯಿಯೇ ಇರಲಿಲ್ಲ. ಕೊಡಲಿ ಇಲ್ಲ, ಗರಗಸ ಇಲ್ಲ, ಬೇರಿನ ಸಮೇತ ಕಿತ್ತು, ತಿರುಚಿ, ಸಿಗಿದು ತಂದ ಮರಗಳು. ತೊಗಟೆಯ ಸಂದಿನಲ್ಲೆಲ್ಲ ಕೆಂಪು ಹಿಟ್ಟು. ಎಲ್ಲಿಯವು ಎಂದು ಕೇಳಿದೆ. ಹಣ್ಣು ತಿನ್ನುವವರಿಗೆ ಮರದ ಲೆಕ್ಕ ಯಾಕೆ ಎನ್ನುವ ಹಾಗೆ ನಕ್ಕ. ಬೇಡ ಎಂದೆ. ನೀವು ಬ್ಯಾಡಂದ್ರ ತೊಗೊಳ್ಳೋರು ಭಾಳ ಮಂದಿ ಅದಾರ ಎಂದು ಹೇಳಿ ಗೇರು ಹಾಕಿದ. ಅವನು ಗುಡ್ಡದಿಂದ ನನ್ನ ಬಾಗಿಲವರೆಗೆ ಬರುವಾಗ ನಿಮ್ಮ ನಾಕಾವನ್ನು ದಾಟಿಯೇ ಬರಬೇಕು, ಬೇರೆ ರಸ್ತೆ ಇಲ್ಲ. ಅಂದು ನನಗೆ ಹೊಳೆದದ್ದು ಬೊಡ್ಡೆಯ ವಿಷಯ. ಯಂತ್ರದಿಂದ ಬೇರು ಸಮೇತ ಎತ್ತಿದರೆ ನೆಲದಲ್ಲಿ ಬೊಡ್ಡೆ ಉಳಿಯುವುದಿಲ್ಲ. ಬೊಡ್ಡೆ ಇಲ್ಲದಿದ್ದರೆ ಅಲ್ಲಿ ಮರ ಇತ್ತೆಂದು ಹೇಳುವವರು ಯಾರು? ನಾಟಾ ಸಾಗಣೆಯಲ್ಲಿ ಆದ ಬದಲಾವಣೆ ಎಂದರೆ ಎತ್ತಿನ ಬದಲು ಟಿಪ್ಪರ್ ಬಂದದ್ದು ಎಂದು ಜನ ತಿಳಿದಿದ್ದಾರೆ. ನನ್ನ ಪ್ರಕಾರ ನಿಜವಾದ ಬದಲಾವಣೆ ಬೊಡ್ಡೆ ಹೋದದ್ದು.

ಇನ್ನು ಉಚ್ಚೆಂಗಪ್ಪನ ವಿಷಯ. ಗಣಿಯ ಸಿಡಿತಕ್ಕೆ ಅವನ ಮನೆಯ ಮುಂದಿನ ಗೋಡೆ ಬಿರಿದು, ಬಾಗಿಲ ಚೌಕಟ್ಟು ಓರೆಯಾಗಿ ಕದ ಮುಚ್ಚದಾಯಿತು. ಬದುವಿನ ಬೇವು ಧೂಳು ತಿಂದು ತಿಂದು ಒಣಗಿತ್ತು. ಅದನ್ನೇ ಕಡಿದು ಹೊಸ ಚೌಕಟ್ಟು, ಹೊಸ್ತಿಲು ಮಾಡಿಸೋಣ ಎಂದು ಹೊರಟ. ಟ್ರ್ಯಾಕ್ಟರ್ ಕೇಳಿದರೆ ಅದಿರಿನ ಬಾಡಿಗೆ ಬಿಟ್ಟು ಯಾರು ಬರುತ್ತಾರೆ? ಸಂಡೂರಿನಲ್ಲೇ ಕೊಯ್ಸು ಎಂದು ಹೆಂಡತಿ ಭರಮಮ್ಮ ಹೇಳಿದಳಂತೆ. ಹಾಲಸ್ವಾಮೇರ ಅಡ್ಡೆ ಬಿಟ್ಟು ಬೇರೆ ಕಡೆ ಹೋಗಿಲ್ಲ ಎಂದು ಇವನು ಹಟ ಹಿಡಿದು ಗಾಡಿ ಹೂಡಿದ. ನಿಮ್ಮ ನಾಕಾದ ಮುಂದೆ ಅಂದೂ ಲಾರಿಗಳು ಒಂದರ ಹಿಂದೊಂದು ಹಾದು ಹೋಗುತ್ತಿದ್ದವು. ಅಡ್ಡಗೋಲು ಎತ್ತಿಯೇ ಇತ್ತು, ಅದು ಕೊನೆಯ ಬಾರಿ ಇಳಿದದ್ದು ಯಾವಾಗ ಎಂದು ಅಲ್ಲಿನ ಚಹಾದವನಿಗೂ ನೆನಪಿಲ್ಲ. ಯಾರೂ ಕೈ ತೋರಿಸಲಿಲ್ಲ, ಯಾರೂ ಸೀಟಿ ಊದಲಿಲ್ಲ. ಉಚ್ಚೆಂಗಪ್ಪ ಹಾಗೇ ಹೊಡೆದುಕೊಂಡು ಬಂದಿದ್ದರೆ ಸಂಜೆಗೆ ನನ್ನ ಅಡ್ಡೆಯಲ್ಲಿ ಎತ್ತು ಬಿಚ್ಚುತ್ತಿದ್ದ. ಆದರೆ ಅವನು ತಾನಾಗಿ ಗಾಡಿ ನಿಲ್ಲಿಸಿದ. ನಾಕಾ ಎಂದರೆ ನಿಲ್ಲಬೇಕು ಎಂದು ಕಲಿತವನು. ಇಳಿದು, ತಲೆಯ ಟವೆಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಒಳಗೆ ಮೊಬೈಲು ನೋಡುತ್ತಾ ಕೂತಿದ್ದ ಗಾರ್ಡನ್ನು ಕರೆದ.

“ಸಾಹೇಬ್ರ, ಮುದ್ರಿ ಹೊಡೀರಿ, ಹೊತ್ತಾಗ್ತೈತಿ.”

ಗಾರ್ಡಿಗೆ ಮುದ್ರೆ ಎಂದರೆ ಏನೆಂದೇ ತಿಳಿಯಲಿಲ್ಲವಂತೆ. ಸುತ್ತಿಗೆ ಆ ನಾಕಾದಲ್ಲಿ ಇರಲೂ ಇಲ್ಲ. ಅವನು ಯಾರಿಗೋ ಫೋನು ಮಾಡಿದ, ಯಾರೋ ಜೀಪಿನಲ್ಲಿ ಬಂದರು, ಪಂಚರನ್ನು ಹುಡುಕಿ ಮಹಜರು ಬರೆದರು. ಗಾಡಿ ಜಪ್ತಿ, ಎತ್ತು ಜಪ್ತಿ, ದಿಮ್ಮಿ ಜಪ್ತಿ. ಅಷ್ಟು ಹೊತ್ತೂ ಲಾರಿಗಳು ಹಾದು ಹೋಗುತ್ತಲೇ ಇದ್ದವು. ದಾರಿ ಬಿಡಿಸಲು ನಿಮ್ಮವರೇ ಉಚ್ಚೆಂಗಪ್ಪನ ಗಾಡಿಯನ್ನು ಪಕ್ಕಕ್ಕೆ ತಳ್ಳಿದರು ಎಂದು ಚಹಾದವನು ನನಗೆ ಹೇಳಿದ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಕೇಳಿದ್ದೆ, ನಿಂತವನು ಕಳ್ಳ, ನಿಲ್ಲದವನು ಸಾಚಾ ಎನ್ನುವ ಕಾನೂನನ್ನು ನಿಮ್ಮಿಂದಲೇ ಕೇಳಿದ್ದು. ಹೇಳಿ ಮಾನ್ಯರೇ, ಕದ್ದ ಮಾಲು ಹೇರಿಕೊಂಡವನು ಪೊಲೀಸ್ ಠಾಣೆಯ ಮುಂದೆ ಗಾಡಿ ನಿಲ್ಲಿಸಿ ‘ಬರ್ರಿ, ನೋಡ್ರಿ’ ಎಂದು ಕರೆಯುತ್ತಾನೆಯೇ?

ಗುಡ್ಡದ ಕಾಡಿನ ಗಡಿ ಉಚ್ಚೆಂಗಪ್ಪನ ಬದುವಿನವರೆಗೂ ಬರುತ್ತದೆ ಎಂದು ನಿಮ್ಮ ಕಚೇರಿಯಲ್ಲಿ ನನಗೆ ವಿವರಿಸಿದರು. ಬಹಳ ಸಂತೋಷ. ಅದೇ ಗಡಿ ಗಣಿಯ ಕಡೆಗೆ ಬಂದಾಗ ಮಾತ್ರ ನಾಚಿಕೊಂಡು ಮೇಲಕ್ಕೆ ಸರಿದು ನಿಲ್ಲುತ್ತದಲ್ಲ, ಅದಕ್ಕೇನು ಕಾರಣ? ಬಡವನ ಬದು ಕಂಡರೆ ಕೆಳಗಿಳಿಯುವುದು, ಯಂತ್ರ ಕಂಡರೆ ಮೇಲೇರುವುದು, ಇಂಥ ಗಡಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಇನ್ನೊಂದು ತಮಾಷೆ ಹೇಳುತ್ತೇನೆ. ಹಂಪಿ ಬಜಾರಿನಲ್ಲಿ ಎತ್ತಿನ ಗಾಡಿ ಕಂಡರೆ ಹೊರದೇಶದವರು ಅಡ್ಡ ನಿಂತು ಫೋಟೊ ತೆಗೆದುಕೊಳ್ಳುತ್ತಾರೆ. ನಮ್ಮ ಸರ್ಕಾರ ಉತ್ಸವ ಬಂದರೆ ಗಾಡಿಗೆ ಹೂ ಸುತ್ತಿ ಮೆರವಣಿಗೆ ಮಾಡುತ್ತದೆ. ಅದೇ ಗಾಡಿ ನಿಜವಾಗಿ ಒಂದು ದಿಮ್ಮಿ ಹೇರಿಕೊಂಡು ರಸ್ತೆಗೆ ಬಂದರೆ ಮುದ್ದೆಮಾಲು.

ಈಗ ನಾನು ಮೊದಲೇ ಹೇಳಿದ ಅರ್ಜಿಯ ವಿಷಯ. ಜಪ್ತಿಯ ದಿನವೇ ಉಚ್ಚೆಂಗಪ್ಪ ನಿಮ್ಮವರಿಗೆ ಒಂದು ಮಾತು ಹೇಳಿದ್ದ. “ಬೊಡ್ಡಿ ಹೊಲದಾಗ ಐತ್ರಿ. ದಿಮ್ಮಿ ಒಯ್ದು ಅದಕ್ಕ ಕೂಡಿಸಿ ನೋಡ್ರಿ. ಕೂಡಲಿಲ್ಲಂದ್ರ ನನ್ನ ಜೇಲಿಗೆ ಹಾಕ್ರಿ.” ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಓದಿದವಳಲ್ಲವೇ, ಕಾಗದದಲ್ಲಿ ಬರೆದರೆ ಬೆಲೆ ಬರುತ್ತದೆ ಎಂದುಕೊಂಡು ಅದೇ ಮಾತನ್ನು ಅರ್ಜಿಯಾಗಿ ಬರೆದು ನಿಮ್ಮ ಟಪಾಲಿಗೆ ಕೊಟ್ಟೆ. ಹೊಲ ಎಲ್ಲಿದೆ, ಬೊಡ್ಡೆ ಬದುವಿನ ಯಾವ ಮೂಲೆಯಲ್ಲಿದೆ ಎಂದೂ ವಿವರವಾಗಿ ತಿಳಿಸಿದೆ. ಆ ವಾರದಲ್ಲೇ ಬಂಡ್ರಿಯಿಂದ ಭರಮಮ್ಮ ನನ್ನ ಅಡ್ಡೆಗೆ ಬಂದಳು. ಬಸ್ಸಿಳಿದು ಸೀದಾ ಬಂದವಳು ಒಳಗೆ ಬರದೆ ಗೇಟಿನಲ್ಲೇ ನಿಂತಳು.

“ಶೈಲವ್ವಾ, ಬೊಡ್ಡಿ ಇಲ್ಲವ್ವಾ. ಕಿತ್ತುಕೊಂಡು ಹೋಗ್ಯಾರ.”

ನಾನು ಅವಳ ಜೊತೆಗೇ ಹೋಗಿ ನೋಡಿದೆ. ಬದು ಒಡೆದಿತ್ತು. ಬೊಡ್ಡೆ ಇದ್ದ ಜಾಗದಲ್ಲಿ ಗುಂಡಿ, ಗುಂಡಿಗೆ ಹೊಸ ಮಣ್ಣು, ಮಣ್ಣಿನ ಮೇಲೆ ಜೆಸಿಬಿಯ ಗಾಲಿಯ ಗುರುತು. ಗಂಡ ಹೆಂಡತಿ ಇಬ್ಬರೂ ನಿಮ್ಮ ಕಚೇರಿಯ ಹತ್ತಿರ ಎತ್ತುಗಳಿಗೆ ಮೇವು ಹಾಕಲು ಹೋಗಿದ್ದಾಗ ಯಂತ್ರ ಬಂದಿತ್ತಂತೆ. ಅಕ್ಕಪಕ್ಕದ ಹೊಲದವರು ಕೇಳಿದ್ದಕ್ಕೆ, ದಾರಿ ಅಗಲ ಮಾಡುವುದಿದೆ ಎಂದನಂತೆ ಚಾಲಕ. ದಾರಿ ಇರುವುದು ಹೊಲದ ಇನ್ನೊಂದು ಪಕ್ಕಕ್ಕೆ. ಅಲ್ಲಿ ಒಂದು ಹಿಡಿ ಮಣ್ಣೂ ಅಲುಗಿರಲಿಲ್ಲ. ಯಾರು ಕಳಿಸಿದರು ಎಂದು ನಾನು ಹೇಳಲಾರೆ, ನೋಡದ್ದನ್ನು ನೋಡಿದೆ ಎನ್ನುವವಳು ನಾನಲ್ಲ. ಆದರೆ ಬೊಡ್ಡೆ ಯಾವ ಮೂಲೆಯಲ್ಲಿದೆ ಎಂದು ಬರೆದ ಕಾಗದ ಹೋದದ್ದು ನಿಮ್ಮ ಕಚೇರಿಗೆ ಮಾತ್ರ. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಮಾತನ್ನು ನಾನು ಇಲ್ಲಿ ಬಳಸುವುದಿಲ್ಲ, ಓದುವವರು ತಾವೇ ಬಳಸಿಕೊಳ್ಳುತ್ತಾರೆ. ಆ ಗುಂಡಿಯ ಮುಂದೆ ನಿಂತಾಗ ನನಗೆ ನಿಮ್ಮ ಮೇಲೆ ಬಂದ ಸಿಟ್ಟಿಗಿಂತ ನನ್ನ ಅಕ್ಷರದ ಮೇಲೆ ಬಂದ ಸಿಟ್ಟೇ ಹೆಚ್ಚು. ಭರಮಮ್ಮ ಬದುವಿನ ಮಣ್ಣನ್ನು ಕಾಲಿನಿಂದ ಒತ್ತಿ ಸರಿ ಮಾಡುತ್ತಿದ್ದಳು.

ಬೊಡ್ಡೆ ಹೋದ ಮೇಲೆ ನಿಮ್ಮವರ ಮಾತು ಇದ್ದಕ್ಕಿದ್ದಂತೆ ಮೆತ್ತಗಾಯಿತು. ನಿಮ್ಮ ಸಿಬ್ಬಂದಿಯೊಬ್ಬರು ಉಚ್ಚೆಂಗಪ್ಪನನ್ನು ಪಕ್ಕಕ್ಕೆ ಕರೆದು, ಚಹಾ ಕುಡಿಸಿ, ಬುದ್ಧಿ ಹೇಳಿದ್ದಾರೆ. ಗುಡ್ಡದಲ್ಲಿ ನಾನೇ ಮರ ಕಡಿದೆ ಎಂದು ಒಪ್ಪಿಕೊಂಡುಬಿಡು, ಸಣ್ಣ ದಂಡ ಹಾಕಿಸಿ ಹರಾಜು ನಿಲ್ಲಿಸಿ ಎತ್ತು ಬಿಡಿಸುತ್ತೇವೆ, ಕೋರ್ಟು ಕಚೇರಿ ಎಲ್ಲಾ ಯಾಕೆ ಎಂದಿದ್ದಾರೆ. ಎಷ್ಟು ಕರುಣೆ! ನಮ್ಮಪ್ಪ ಹೇಳುತ್ತಿದ್ದರು, ಕೊಳ್ಳುವವನು ಚೌಕಾಸಿ ಮಾಡದಿದ್ದರೆ ದಿಮ್ಮಿಯನ್ನು ಇನ್ನೊಮ್ಮೆ ನೋಡಿಕೋ ಎಂದು. ನಾನೂ ಇನ್ನೊಮ್ಮೆ ನೋಡಿದೆ. ಅವರು ‘ಮರ’ ಎಂದರೇ, ‘ಮರಗಳು’ ಎಂದರೇ ಎಂದು ಉಚ್ಚೆಂಗಪ್ಪನನ್ನು ಕೇಳಿದೆ. ಅದೇನೂ ಬಿಡಿಸಿ ಹೇಳಲಿಲ್ಲವಂತೆ, ಗುಡ್ಡದಾಗ ಕಡೀತಿದ್ದೆ ಅಂತ ಹೇಳು ಸಾಕು ಎಂದರಂತೆ.

ಕಡೀತಿದ್ದೆ. ಒಂದು ದಿನ ಕಡಿದೆ ಅಲ್ಲ, ಕಡಿಯುತ್ತಾ ಬಂದಿದ್ದೆ ಎಂದು ಹೇಳಬೇಕು. ಮಾನ್ಯರೇ, ಇಲ್ಲಿ ನನ್ನ ಗುಮಾನಿಯನ್ನು ಬಾಯಿ ಬಿಟ್ಟೇ ಹೇಳುತ್ತೇನೆ. ಇವತ್ತಲ್ಲ ನಾಳೆ ಮೇಲಿನಿಂದ ಯಾರಾದರೂ ಬಂದು, ಈ ಗುಡ್ಡದ ಮೇಲಿದ್ದ ಕಾಡು ಏನಾಯಿತು ಎಂದು ಕೇಳಿಯಾರು. ಕೇಳಿದಾಗ ತೋರಿಸಲು ಒಬ್ಬ ಕಳ್ಳ ಬೇಕು. ಅವನಿಗೆ ಕೊಡಲಿ ಇರಬೇಕು, ಗಾಡಿ ಇರಬೇಕು, ಗುಡ್ಡದ ಬುಡದಲ್ಲೇ ಊರಿರಬೇಕು, ವಕೀಲ ಇರಬಾರದು. ಬಂಡ್ರಿಯ ಕಡೆ ಈಗ ಎತ್ತಿನ ಗಾಡಿ ಇಟ್ಟುಕೊಂಡವರೇ ಅಪರೂಪ. ಅಂಥವನೊಬ್ಬ ತಾನಾಗಿ ಬಂದು ನಾಕಾದಲ್ಲಿ ನಿಂತರೆ ನೀವಾದರೂ ಹೇಗೆ ಬಿಟ್ಟೀರಿ? ಇಡೀ ಗುಡ್ಡವನ್ನು ಒಂದು ಜೋಡಿ ಎತ್ತು ಎಳೆದುಕೊಂಡು ಹೋದವು ಎಂದು ನಂಬಿಸುವುದು ನಿಮಗೆ ಕಷ್ಟವಾಗಲಾರದು. ಎತ್ತನ್ನು ಹತ್ತಿರದಿಂದ ಕಂಡವರು ನಿಮ್ಮ ಮೇಲಿನವರಲ್ಲಿ ಎಷ್ಟು ಜನ ಇದ್ದಾರು? ನನ್ನ ಗುಮಾನಿ ತಪ್ಪಾಗಿದ್ದರೆ ನನಗಿಂತ ಸಂತೋಷಪಡುವವರು ಯಾರೂ ಇಲ್ಲ. ತಪ್ಪೆಂದು ತೋರಿಸುವುದು ನಿಮ್ಮ ಕೈಯಲ್ಲೇ ಇದೆ.

ನಿನ್ನೆ ನಿಮ್ಮ ಆವರಣಕ್ಕೆ ನಾನೂ ಹೋಗಿದ್ದೆ. ಉಚ್ಚೆಂಗಪ್ಪ ತಂತಿಬೇಲಿಯ ಸಂದಿನಿಂದ ಜೋಳದ ಸೊಪ್ಪೆ ಒಂದೊಂದಾಗಿ ತೂರಿಸುತ್ತಿದ್ದ. ನೆರಳಿಲ್ಲ, ನೀರಿನ ತೊಟ್ಟಿಯಲ್ಲಿ ಕೆಂಪು ಕೆನೆ ಕಟ್ಟಿದೆ. ಒಂದು ಎತ್ತು ಮಲಗಿದ್ದು ಏಳಲಿಲ್ಲ, ಇವನ ದನಿ ಕೇಳಿ ಕಿವಿ ಮಾತ್ರ ತಿರುಗಿಸಿತು. ನಮ್ಮಪ್ಪನಿಗೇ ಸೊಪ್ಪು ಹಾಕದಿದ್ದ ಆ ಮನುಷ್ಯ ಬೇಲಿ ಹಿಡಿದುಕೊಂಡು ಮಗುವಿನ ಹಾಗೆ ಅತ್ತ. ಹರಾಜಿನಲ್ಲಿ ಇವುಗಳನ್ನು ಹೂಡಲು ಕೊಳ್ಳುವವರು ಈಗ ಯಾರೂ ಇಲ್ಲ, ಬೇರೆ ಯಾತಕ್ಕೆ ಕೊಳ್ಳುತ್ತಾರೆಂದು ಅವನಿಗೆ ಗೊತ್ತಿದೆ. ಹರಾಜಿನಲ್ಲಿ ನಾನೇ ಕೂಗುತ್ತೇನೆ ಎಂದೆ. ಅಡ್ಡೆಯವರು ಕೂಗಬಾರದು ಎಂದು ನಿಮ್ಮ ಗುಮಾಸ್ತರು ಆಗಲೇ ಹೇಳಿದ್ದಾರಂತೆ. ಒಪ್ಪಿಕೊಳ್ಳಬೇಡ, ನಾವು ಹೋರಾಡೋಣ, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಾನು ದೊಡ್ಡದಾಗಿ ಗಾದೆ ಹೇಳಿದೆ. ಅವನು ಕಣ್ಣು ಒರೆಸಿಕೊಂಡು ನನ್ನನ್ನು ಸುಮ್ಮನಾಗಿಸಿದ.

“ಸುಳ್ಳು ಹೇಳಿದ ಬಾಯಿ ತೊಳಕೊಬೋದು ಶೈಲವ್ವ. ಎತ್ತು ಹೋದ್ರ ಏನು ಮಾಡ್ಲಿ?”

ಸೋಮವಾರ ಬೆಳಿಗ್ಗೆ ಅವನು ನಿಮ್ಮಲ್ಲಿಗೆ ಬರುತ್ತಾನೆ.

ಆದ್ದರಿಂದ ನನ್ನ ಒತ್ತಾಯ ಒಂದೇ. ಅವನು ಬಾಯಿ ತೆರೆಯುವ ಮೊದಲೇ ಎತ್ತು ಬಿಚ್ಚಿ ಅವನ ಕೈಗೆ ಹಗ್ಗ ಕೊಡಿ. ದಿಮ್ಮಿ ನಿಮಗೆ ಬೇಕಾದರೆ ಇಟ್ಟುಕೊಳ್ಳಿ, ಅವನ ಬಾಗಿಲಿಗೆ ಮರ ನಾನು ಕೊಡುತ್ತೇನೆ. ಗಾಡಿಯನ್ನೂ ತನಿಖೆ ಮುಗಿಯುವವರೆಗೆ ಇಟ್ಟುಕೊಳ್ಳಿ. ಜೀವ ಇರುವುದನ್ನು ಮಾತ್ರ ಬಿಡಿ.

ಬಿಡದಿದ್ದರೆ ಅವನು ನಿಮ್ಮ ಮೇಜಿನ ಮುಂದೆ ನಿಂತು, ಹೌದ್ರಿ, ಗುಡ್ಡದಾಗ ನಾನೇ ಕಡೀತಿದ್ದೆ ಎನ್ನುತ್ತಾನೆ. ಸುಳ್ಳು ಹೇಳಿ ಅಭ್ಯಾಸವಿಲ್ಲದವನು, ನಡುವೆ ತಡವರಿಸುತ್ತಾನೆ, ಮುಂದಿನ ಮಾತನ್ನು ನೀವೇ ಹೇಳಿಕೊಡಬೇಕಾಗುತ್ತದೆ. ನೀವು ಅದನ್ನು ಬರೆದುಕೊಳ್ಳುವ ಹೊತ್ತಿಗೆ ಈ ಪತ್ರವನ್ನು ಹೊಸಪೇಟೆ, ಸಂಡೂರು, ಕಂಪ್ಲಿಯ ಚಹಾದಂಗಡಿಗಳಲ್ಲಿ ಒಬ್ಬರು ಓದಿ ನಾಲ್ವರು ಕೇಳಿ ಆಗಿರುತ್ತದೆ. ಉಚ್ಚೆಂಗಪ್ಪ ಸುಳ್ಳು ಹೇಳುತ್ತಿದ್ದಾನೆ ಎಂದು ಅವರಿಗೆಲ್ಲ ಗೊತ್ತಿರುತ್ತದೆ. ಯಾರ ಸಲುವಾಗಿ ಹೇಳುತ್ತಿದ್ದಾನೆ ಎಂದೂ ಗೊತ್ತಿರುತ್ತದೆ.

ಇಂತಿ,
ಸಾಮಿಲ್ ಲೈಸೆನ್ಸಿನ ನವೀಕರಣಕ್ಕೆ ಬರುವ ಮಾರ್ಚಿನಲ್ಲಿ ನಿಮ್ಮ ಬಾಗಿಲಿಗೇ ಬರಬೇಕಾದ, ಬಂದರೂ ಅದು ಸಿಗಲಾರದೆಂದು ಇಂದೇ ಅಂದಾಜಿರುವ,
ಶೈಲಜಾ
ಕಟ್ಟಿಗೆ ಅಡ್ಡೆ, ಹೊಸಪೇಟೆ